94 ಎಂಬುದು ಅಂಕವಲ್ಲ

ಪ್ರಶ್ನೆ: ಮಾನ್ಯರೆ, ನಾವು ಹಾಸನದ ಕಡೆಯವರು, ಈಗ ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲೆಸಿದ್ದೇವೆ. ಮೂರನೆಯ ತರಗತಿಯ ನಮ್ಮ ಮಗಳು ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗಾಗಿ ಕಾಗ್ಯಾಟ್ ಎಂಬ, ಮಕ್ಕಳ ಯೋಚನಾಶಕ್ತಿ ಅಳೆಯುವ ಪರೀಕ್ಷೆ ಬರೆದಳು. ಒಟ್ಟಾರೆ 94 ಬಂದರೂ ಆಯ್ಕೆಯಾಗಲಿಲ್ಲ. ಇಷ್ಟು ಅಂಕವೂ ಸಾಲದೇ? ಮನೆಯಲ್ಲಿ ಕನ್ನಡ ಆಡುವುದನ್ನು ನಿಲ್ಲಿಸಬೇಕೇ?
— ಒಬ್ಬ ತಾಯಿ

ಉತ್ತರ: ನಿಮ್ಮ ಕೈಯಲ್ಲಿರುವ ಹಾಳೆಯ 94 ನೂರಕ್ಕೆ ಪಡೆದ ಅಂಕವಲ್ಲ, ಪರ್ಸೆಂಟೈಲ್, ಅಂದರೆ ಅವಳ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 94 ಮಕ್ಕಳಿಗಿಂತ ಅವಳು ಮುಂದಿದ್ದಾಳೆ. ನಮ್ಮೂರಿನ ಅಂಕಪಟ್ಟಿಯ ಅಭ್ಯಾಸದಿಂದ ಇದನ್ನು ಓದಿ ನೊಂದುಕೊಳ್ಳುವವರು ಬಹಳ. ಸರಾಸರಿಯನ್ನು 100 ಎಂದಿಟ್ಟು ಲೆಕ್ಕ ಹಾಕಿದ ಇನ್ನೊಂದು ಅಂಕಿಯೂ ಅಲ್ಲಿರುತ್ತದೆ. ಅದು 125ರ ಆಸುಪಾಸಿನಲ್ಲಿರಬೇಕು.

ಒಟ್ಟು ಅಂಕಿಯನ್ನು ಬದಿಗಿಟ್ಟು ಭಾಷೆ, ಗಣಿತ, ಆಕೃತಿ ಎಂಬ ಮೂರು ವಿಭಾಗಗಳನ್ನು ಬಿಡಿಬಿಡಿಯಾಗಿ ನೋಡಿ. ಎರಡನೆಯ ತರಗತಿಯವರೆಗೆ ಚಿತ್ರಗಳಲ್ಲಿದ್ದ ಭಾಷಾ ವಿಭಾಗವು ಮೂರನೆಯದರಿಂದ ಇಂಗ್ಲಿಷ್ ಪದಗಳಿಗೆ ತಿರುಗುವುದರಿಂದ, ಸೌಟು ಎಂದು ಚೆನ್ನಾಗಿ ಬಲ್ಲ ವಸ್ತುವಿಗೆ ಲೇಡಲ್ ಎಂಬ ಹೆಸರು ಹೊಳೆಯದ ಮಗುವಿಗೆ ಅಲ್ಲಿ ಕಡಿಮೆಯಾಗಿ, ಆಕೃತಿಗಳಲ್ಲಿ ಹೆಚ್ಚು ಬರುವುದುಂಟು. ಅದು ಪದಗಳ ಪರಿಚಯದ ಕೊರತೆಯೇ ಹೊರತು ಬುದ್ಧಿಯ ಕೊರತೆಯಲ್ಲ. ದಯವಿಟ್ಟು ಕನ್ನಡವನ್ನು ಬಿಡಬೇಡಿ. ಇಂಗ್ಲಿಷ್ ಕಥೆಗಳ ಓದನ್ನು ಅದರ ಜೊತೆಗೆ ಸೇರಿಸಿ.

ಟೆಕ್ಸಾಸ್‌ನ ನಿಯಮದಂತೆ ಆಯ್ಕೆಗೆ ಒಂದೇ ಪರೀಕ್ಷೆ ಆಧಾರವಾಗುವಂತಿಲ್ಲ, ಮೇಲ್ಮನವಿಗೂ ಅವಕಾಶವಿರಬೇಕು. ಅದರ ಕೊನೆಯ ದಿನಾಂಕವನ್ನು ಇಂದೇ ವಿಚಾರಿಸಿ, ವಿಭಾಗವಾರು ಫಲಿತಾಂಶ, ತರಗತಿಯ ಶಿಕ್ಷಕರ ಅಭಿಪ್ರಾಯ ಮತ್ತು ಅವಳು ತಾನೇ ಬರೆದ, ಬಿಡಿಸಿದ ಕೆಲಸದ ಮಾದರಿಗಳೊಡನೆ ಪತ್ರ ಕೊಡಿ.