ಇಪ್ಪತ್ತು ನಿಮಿಷ ಎಲ್ಲಿಂದ ತರೋದು ಅಂತ ಕೇಳಿದ ಮೇಷ್ಟ್ರಿಗೆ

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ಆಟದ ಗಾಯ ಮತ್ತು ಮೆದುಳಿನ ಆರೋಗ್ಯದ ಸಂಶೋಧನೆ ಬಗ್ಗೆ ಕಳೆದ ತಿಂಗಳು ನೀವು ಹಾಕಿದ ಲೇಖನ ಓದಿದೆ. ನಾನು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ನನಗಿರುವುದು 40 ನಿಮಿಷದ ಪೀರಿಯಡ್, 60 ಮಕ್ಕಳು, ಕಲ್ಲು ತುಂಬಿದ ಮೈದಾನ. ಅದರಲ್ಲಿ ನೀವು ಬರೆದ ಹಾಗೆ ಗಾಯ ತಪ್ಪಿಸಲು 20 ನಿಮಿಷ ವಾರ್ಮ್‌ಅಪ್ ಅಂದರೆ ಆಡೋದು ಯಾವಾಗ? ಸ್ಟ್ರೆಚಿಂಗ್ ಮಾಡಿಸುತ್ತೇನೆ, ಸಾಲದಾ? ನಮ್ಮ ಕಬಡ್ಡಿ ಟೀಮಿನ ಒಂಬತ್ತನೇ ಕ್ಲಾಸಿನ ಹುಡುಗಿಗೆ ಮಂಡಿಯ ಎಸಿಎಲ್ ಆಪರೇಷನ್ ಆಗಿ ಐದು ತಿಂಗಳಾಯಿತು. ಚೆನ್ನಾಗಿ ಓಡುತ್ತಾಳೆ. ತಾಲ್ಲೂಕು ಮಟ್ಟಕ್ಕೆ ಆಡಿಸಿ ಅಂತ ಮನೆಯವರೇ ಹೇಳುತ್ತಿದ್ದಾರೆ. ಪುತ್ತೂರು ಕಟ್ಟು ಹಾಕಿಸಿದ್ದರೆ ಆಪರೇಷನ್ನೇ ಬೇಕಿರಲಿಲ್ಲ ಅನ್ನುವವರೂ ಇದ್ದಾರೆ. ಇನ್ನೊಂದು ವಿಷಯ. ನಮ್ಮ ಹಳ್ಳಿಗಳಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಮೆದುಳಿನ ಅಧ್ಯಯನ ನಡೆಸುತ್ತಿದ್ದಾರೆ. ನಮ್ಮ ತಾಯಿಗೆ 68. ಸೇರಿಸಬೇಕೇ? ಮಾತ್ರೆ ಏನೂ ಕೊಡೋದಿಲ್ಲವಂತೆ. ಮಗ ಅಜ್ಜಿಯ ಫೋನಿಗೆ ಬ್ರೈನ್ ಗೇಮ್ ಹಾಕಿಕೊಟ್ಟಿದ್ದಾನೆ, ಅದು ಸಾಕೇ? ಈ ಸಂಶೋಧನೆಗಳಿಂದ ನಮ್ಮಂಥವರಿಗೆ ಏನು ಸಿಕ್ಕಿತು, ನೇರವಾಗಿ ಹೇಳಿ.

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಮೊದಲು ಆ ಹುಡುಗಿಯ ವಿಷಯ. ಉಳಿದಿದ್ದನ್ನು ನಿಧಾನವಾಗಿ ಮಾತಾಡಬಹುದು. ಈ ಸಲ ಅವಳನ್ನು ಆಡಿಸಬೇಡಿ.

ಅವಳು ಚೆನ್ನಾಗಿ ಓಡುತ್ತಾಳೆ ಅಂದಿದ್ದೀರಿ. ನಂಬುತ್ತೇನೆ. ಐದು ತಿಂಗಳಿಗೆ ಊತ ಇಳಿದಿರುತ್ತದೆ, ನೋವೂ ಹೋಗಿರುತ್ತದೆ. ಎಲ್ಲರೂ ಮೋಸ ಹೋಗೋದು ಅಲ್ಲೇ. ಎಸಿಎಲ್ ಅಂದರೆ ಮಂಡಿಯೊಳಗೆ ಮೇಲಿನ ಮೂಳೆ, ಕೆಳಗಿನ ಮೂಳೆ ಎರಡನ್ನೂ ಹಿಡಿದಿಡುವ ಪಟ್ಟಿಯಂಥ ಲಿಗಮೆಂಟ್. ಅದು ಹರಿದ ಜಾಗಕ್ಕೆ ಸಾಮಾನ್ಯವಾಗಿ ಅವರದೇ ಕಾಲಿನಿಂದ ಒಂದು ಸ್ನಾಯುರಜ್ಜು ತೆಗೆದು ಕೂರಿಸುತ್ತಾರೆ. ಅದು ಅಲ್ಲಿಗೆ ಒಗ್ಗಿ, ಒಳಗೆ ರಕ್ತನಾಳ ಬೆಳೆದು, ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ನೇರವಾಗಿ ಓಡುವಾಗ ಅದಕ್ಕೆ ಅಷ್ಟು ಕೆಲಸ ಬೀಳುವುದಿಲ್ಲ. ಕಬಡ್ಡಿ ಹಾಗಲ್ಲ. ಎದುರಾಳಿ ಅಂಗಳದ ಬೋನಸ್ ಲೈನ್ ಮುಟ್ಟಿ ಒಂದೇ ಕಾಲಿನ ಮೇಲೆ ತಿರುಗಿ ವಾಪಸ್ ಬರಬೇಕು. ಅಷ್ಟರಲ್ಲಿ ಯಾರೋ ಆಂಕಲ್ ಹೋಲ್ಡ್ ಹಾಕಿದರು, ಅಂದರೆ ಪಾದದ ಗಿಣ್ಣು ಹಿಡಿದರು ಅನ್ನಿ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ. ಮಧ್ಯೆ ಸಿಕ್ಕಿಕೊಳ್ಳುವುದು ಮಂಡಿ.

ನಾರ್ವೆಯ ಓಸ್ಲೋ ಮತ್ತು ಅಮೆರಿಕದ ಡೆಲವೇರ್‌ನ ಸಂಶೋಧಕರು ಸೇರಿ ಇಂಥ ಆಪರೇಷನ್ ಆದ 106 ಜನರನ್ನು ಎರಡು ವರ್ಷ ಗಮನಿಸಿದರು. 2016ರಲ್ಲಿ ಅದು ಪ್ರಕಟವಾಯಿತು. ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದಕ್ಕೆ ಹಾಕಿದಷ್ಟೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು 51% ಇಳಿಯಿತು. ಬರೀ ದಿನ ಎಣಿಸಿದರೂ ಸಾಲದು. ತೊಡೆಯ ಬಲ, ಒಂಟಿಕಾಲಿನ ಜಿಗಿತ ಮುಂತಾದ ಪರೀಕ್ಷೆಗಳಲ್ಲಿ ಪಾಸಾಗಿ ಆಟಕ್ಕೆ ಮರಳಿದವರಲ್ಲಿ 5.6% ಜನರಿಗೆ ಮತ್ತೆ ಪೆಟ್ಟಾಯಿತು. ಪಾಸಾಗದೆ ಮರಳಿದವರಲ್ಲಿ 38.2%. ಸಣ್ಣ ಅಧ್ಯಯನ, ಒಪ್ಪುತ್ತೇನೆ. ಆದರೂ ಇಷ್ಟು ದೊಡ್ಡ ಅಂತರ ನೋಡಿದ ಮೇಲೆ ಐದನೇ ತಿಂಗಳಿಗೆ ಅಂಗಳಕ್ಕಿಳಿಸುವ ಧೈರ್ಯ ನನಗಂತೂ ಬರುವುದಿಲ್ಲ.

ಮನೆಯವರಿಗೆ ಒಪ್ಪಿಸಲು ಒಂದು ದಾರಿ ಹೇಳುತ್ತೇನೆ. ಒಂಬತ್ತು ತಿಂಗಳಾದ ಮೇಲೆ, ಫಿಸಿಯೋಥೆರಪಿಸ್ಟ್ ಹೂಂ ಅಂದ ಮೇಲೆ, ಅಪ್ಪ ಅಮ್ಮನ ಎದುರಿಗೇ ಟೇಪ್ ಹಿಡಿಯಿರಿ. ಒಳ್ಳೆಯ ಕಾಲಿನಲ್ಲಿ ಒಂದೇ ಜಿಗಿತ, ಅದೇ ಕಾಲಿನ ಮೇಲೆ ಅಲುಗದೆ ನಿಲ್ಲಬೇಕು. ಆಮೇಲೆ ಆಪರೇಷನ್ ಆದ ಕಾಲಿನಲ್ಲಿ. ಎರಡನೆಯದು ಮೊದಲನೆಯದರ 90% ಆದರೂ ಬರಬೇಕು. ಇದೊಂದೇ ಪರೀಕ್ಷೆ ಅಂತಲ್ಲ. ತೊಡೆಯ ಬಲವನ್ನು ಫಿಸಿಯೋನೇ ಅಳೆಯಬೇಕು. ಆದರೆ ಟೇಪ್ ಮೇಲಿನ ಸೆಂಟಿಮೀಟರ್ ಕಣ್ಣಿಗೆ ಕಾಣುತ್ತದೆ, ಅದರ ಜೊತೆ ವಾದ ಮಾಡೋದು ಕಷ್ಟ.

ಪುತ್ತೂರು ಕಟ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಮೂಳೆ ಮುರಿದಾಗ ಹಾಕುವ ನಾಟಿ ಕಟ್ಟು. ಇವಳದು ಹರಿದಿದ್ದು ಲಿಗಮೆಂಟ್. ಹಾಗಂತ ಎಸಿಎಲ್ ಹರಿದವರೆಲ್ಲ ಆಪರೇಷನ್ ಮಾಡಿಸಲೇಬೇಕು ಅಂತಲೂ ಇಲ್ಲ. ಸ್ವೀಡನ್‌ನಲ್ಲಿ 121 ಜನರ ಮೇಲೆ ನಡೆದು 2010ರಲ್ಲಿ ಬಂದ ಪ್ರಯೋಗವೊಂದಿದೆ. ಮೊದಲು ವ್ಯಾಯಾಮ, ಬೇಕಾದರೆ ಆಮೇಲೆ ಆಪರೇಷನ್ ಅಂತ ಇಟ್ಟ ಗುಂಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಎರಡು ವರ್ಷವಾದರೂ ಆಪರೇಷನ್ ಬೇಕಾಗಲಿಲ್ಲ. ಅವರು ಮಾಡಿದ್ದು ತಿಂಗಳುಗಟ್ಟಲೆ ಬಿಡದೆ ವ್ಯಾಯಾಮ, ಅದೂ ಫಿಸಿಯೋ ಕಣ್ಗಾವಲಿನಲ್ಲಿ. ಸುಮ್ನೆ ಕಟ್ಟಿ ಮಲಗಿಸಿದ್ದಲ್ಲ. ನಿಮ್ಮ ಹುಡುಗಿಗೆ ಆಪರೇಷನ್ ಆಗಿಹೋಗಿದೆ, ಈಗ ಆ ಚರ್ಚೆಯಿಂದ ಅವಳಿಗೇನೂ ಆಗಬೇಕಿಲ್ಲ.

ಇನ್ನು ಇಪ್ಪತ್ತು ನಿಮಿಷದ ಲೆಕ್ಕ.

ಸ್ಟ್ರೆಚಿಂಗ್ ಸಾಲದು ಮೇಷ್ಟ್ರೇ. ಬಗ್ಗಿ ಪಾದ ಮುಟ್ಟಿ ಹತ್ತು ಎಣಿಸುವುದು ನಾವೆಲ್ಲ ಶಾಲೆಯಲ್ಲಿ ಮಾಡಿದ್ದೇ. 2000ದಲ್ಲಿ ಆಸ್ಟ್ರೇಲಿಯಾದ ಸೇನೆಗೆ ಸೇರಿದ 1,538 ಹುಡುಗರನ್ನು ಎರಡು ಪಾಲು ಮಾಡಿ ನೋಡಿದರು. ಒಂದು ಪಾಲಿಗೆ ತರಬೇತಿಗೆ ಮೊದಲು ಸ್ಟ್ರೆಚಿಂಗ್, ಇನ್ನೊಂದಕ್ಕೆ ಇಲ್ಲ. ಗಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ 25 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು, 26,610 ಜನರ ಲೆಕ್ಕ ನೋಡಿದಾಗಲೂ ಹಾಗೇ ಬಂತು. ಸ್ಟ್ರೆಚಿಂಗ್‌ನಿಂದ ಗಾಯ ತಪ್ಪಲಿಲ್ಲ, ಬಲ ಹೆಚ್ಚಿಸುವ ವ್ಯಾಯಾಮದಿಂದ ಗಾಯ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯಿತು. ಸ್ಟ್ರೆಚಿಂಗ್‌ನಿಂದ ಕೆಟ್ಟದ್ದೇನೂ ಆಗುವುದಿಲ್ಲ. ನಿಮ್ಮ ಸಮಯ ತಿನ್ನುತ್ತದೆ, ಅಷ್ಟೇ. ಅಂದರೆ ನಿಮಗೆ ಬೇಕಾದ ಮೊದಲ ಐದು ನಿಮಿಷ ಇಲ್ಲೇ ಸಿಕ್ಕಿತು.

ನಮ್ಮ ಲೇಖನದಲ್ಲಿದ್ದ 20 ನಿಮಿಷದ ಕಾರ್ಯಕ್ರಮ ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾ ಮಾಡಿಸಿದ್ದು, '11+' ಅಂತ ಹೆಸರು. ನಾರ್ವೆಯ 125 ಫುಟ್‌ಬಾಲ್ ಕ್ಲಬ್‌ಗಳ 13ರಿಂದ 17 ವರ್ಷದ ಹುಡುಗಿಯರ ಮೇಲೆ ಅದನ್ನು ಪರೀಕ್ಷಿಸಿದರು. ಒಟ್ಟು ಗಾಯ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು, ತೀವ್ರ ಗಾಯ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ಬಿಡದೆ ಮಾಡಿದವರಿಗೇ ಜಾಸ್ತಿ ಲಾಭವಾಯಿತು. ಅದು ಫುಟ್‌ಬಾಲ್, ನಿಮ್ಮದು ಕಬಡ್ಡಿ. ಆದರೆ ಮಂಡಿ ಹೋಗುವ ಬಗೆ ಎರಡರಲ್ಲೂ ಒಂದೇ: ಓಡುತ್ತಾ ಬಂದು ಗಕ್ಕನೆ ನಿಲ್ಲುವುದು, ತಿರುಗುವುದು, ಜಿಗಿದು ಇಳಿಯುವುದು.

ಈ 20 ನಿಮಿಷವನ್ನು ಒಡೆಯಬಹುದು. ಕಾರ್ಯಕ್ರಮದ ನಡುವಿನ ಹತ್ತು ನಿಮಿಷದಲ್ಲಿ ಬಲ, ಜಿಗಿತ, ಬ್ಯಾಲೆನ್ಸ್ ವ್ಯಾಯಾಮಗಳಿವೆ. ಅದನ್ನು ಪ್ರಾಕ್ಟೀಸ್ ಮುಗಿದ ಮೇಲೆ ಮಾಡಿಸಿದರೂ ನಡೆಯುತ್ತದೆ ಅಂತ 2019ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿದೆ. ಆಟಗಾರರೂ ತಪ್ಪಿಸದೆ ಮಾಡಿದರಂತೆ. ಹಾಗಾಗಿ 60 ಮಕ್ಕಳಿಗೆ ಪೀರಿಯಡ್ ಶುರುವಿನಲ್ಲಿ ಎಂಟು ಹತ್ತು ನಿಮಿಷ: ಓಟ, ಅಡ್ಡ ಓಟ, ಹಿಂದಕ್ಕೆ ಓಟ, ದಿಕ್ಕು ಬದಲಿಸುವುದು. ಸಾಲಾಗಿ ನಿಲ್ಲಿಸಿದರೆ ಎಲ್ಲರೂ ಒಟ್ಟಿಗೆ ಮಾಡಬಹುದು. ಬಲದ ಭಾಗ ಟೀಮಿನ ಮಕ್ಕಳಿಗೆ ಸಾಕು, ಸಂಜೆ ಪ್ರಾಕ್ಟೀಸ್ ಆದಮೇಲೆ.

ಅದರಲ್ಲಿ ಎರಡನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಒಂದು, ಜಿಗಿದು ಇಳಿಯುವುದು. ಹುಡುಗಿಯರನ್ನು ಎದುರಿಗೆ ನಿಲ್ಲಿಸಿ, ಎರಡೂ ಕಾಲಲ್ಲಿ ಜಿಗಿಸಿ, ನೀವು ಮಂಡಿಯನ್ನೇ ನೋಡಿ. ಇಳಿಯುವಾಗ ಕೆಲವರ ಎರಡು ಮಂಡಿಗಳೂ ಒಳಗೆ ವಾಲಿ ಒಂದಕ್ಕೊಂದು ಹತ್ತಿರ ಬರುತ್ತವೆ. ಅವರ ಹೆಸರು ಬರೆದಿಟ್ಟುಕೊಳ್ಳಿ. ಮಂಡಿ ಪಾದದ ಬೆರಳಿನ ನೇರಕ್ಕೇ ಬರಬೇಕು, ಸ್ವಲ್ಪ ಬಾಗಿರಬೇಕು, ಇಳಿದ ಸದ್ದು ಕೇಳಬಾರದು. 'ಸದ್ದಾಗದ ಹಾಗೆ ಇಳೀರಮ್ಮ' ಅಂದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಒಂದೇ ಥರದ ಆಟದಲ್ಲಿ ಹುಡುಗರಿಗಿಂತ ಹುಡುಗಿಯರ ಎಸಿಎಲ್ ಹರಿಯುವುದು ಎರಡು ಪಟ್ಟು, ಕೆಲವು ಲೆಕ್ಕಗಳಲ್ಲಿ ಅದಕ್ಕಿಂತಲೂ ಜಾಸ್ತಿ. ಹಾಗಾಗಿ ಹುಡುಗಿಯರ ಟೀಮಿಗೆ ಇದು ತಪ್ಪಲೇಬಾರದು.

ಎರಡು, ನಾರ್ಡಿಕ್ ಅನ್ನುವ ವ್ಯಾಯಾಮ. ಒಬ್ಬರು ಮೆತ್ತನೆ ಜಾಗದಲ್ಲಿ ಮಂಡಿಯೂರಿ ನೆಟ್ಟಗೆ ನಿಲ್ಲಬೇಕು. ಗೆಳತಿ ಹಿಂದೆ ಕೂತು ಹಿಮ್ಮಡಿಯ ಹತ್ತಿರ ಎರಡು ಕಾಲನ್ನೂ ಅದುಮಿ ಹಿಡಿಯಬೇಕು. ಆಮೇಲೆ ಸೊಂಟ ಬಗ್ಗಿಸದೆ, ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲುವುದು, ತಡೆಯಲು ಆಗದೇ ಹೋದಾಗ ಕೈ ಊರುವುದು. ಶುರುವಿನಲ್ಲಿ ಮೂರರಿಂದ ಐದು ಸಲ ಸಾಕು. ಮಾರನೇ ದಿನ ತೊಡೆ ಹಿಂಭಾಗ ಹಿಡಿದುಕೊಂಡು ಮಕ್ಕಳು ನಿಮ್ಮನ್ನು ಬೈದುಕೊಳ್ಳುತ್ತಾರೆ. ಬೈದುಕೊಳ್ಳಲಿ ಬಿಡಿ. ಎಂಟು ಸಾವಿರಕ್ಕೂ ಹೆಚ್ಚು ಆಟಗಾರರ ಲೆಕ್ಕ ಸೇರಿಸಿ 2019ರಲ್ಲಿ ನೋಡಿದಾಗ, ಇದನ್ನು ಸೇರಿಸಿಕೊಂಡ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆ ಹಿಂಭಾಗದ ಸ್ನಾಯುವಿನ ಗಾಯ ಅರ್ಧಕ್ಕಿಳಿದಿತ್ತು. ಖರ್ಚು ಒಂದು ಗೋಣಿಚೀಲ.

ಕಲ್ಲು ಮಾತ್ರ ಆರಿಸಲೇಬೇಕು. ಅದಕ್ಕೆ ಯಾವ ಸಂಶೋಧನೆಯೂ ಬೇಕಿಲ್ಲ.

ಈಗ ನಿಮ್ಮ ತಾಯಿಯವರ ವಿಷಯ. ಸಂಶೋಧನೆಯಿಂದ ನಮಗೇನು ಅನ್ನುವ ನಿಮ್ಮ ದೊಡ್ಡ ಪ್ರಶ್ನೆಗೂ ಇಲ್ಲೇ ಉತ್ತರವಿದೆ.

ಅವರಿಗೆ ಮನಸ್ಸಿದ್ದರೆ ಸೇರಿಸಿ. ನೀವು ಹೇಳುತ್ತಿರುವ ಅಧ್ಯಯನದ ಹೆಸರು ಸ್ಯಾನ್ಸ್‌ಕಾಗ್. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ 2018ರಿಂದ ನಡೆಸುತ್ತಿದೆ. ನಿಮ್ಮ ತಾಲ್ಲೂಕಿನ 45 ದಾಟಿದ, ಮರೆವಿನ ಕಾಯಿಲೆ ಇಲ್ಲದ 10,000 ಜನರನ್ನು ಸೇರಿಸಿಕೊಂಡು, ಅವರನ್ನೇ ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುವುದು ಗುರಿ. ನೆನಪು, ಗಮನ, ರಕ್ತ, ಜೀನ್, ಎಂಆರ್‌ಐ ಎಲ್ಲ ನೋಡುತ್ತಾರೆ. ಮಾತ್ರೆ ಕೊಡುವುದಿಲ್ಲ ಅಂದಿದ್ದೀರಿ, ಅದು ನಿಜ. ಇದು ಔಷಧಿಯ ಪ್ರಯೋಗ ಅಲ್ಲ. ಯಾರಿಗೆ ಮರೆವು ಬರುತ್ತದೆ, ಯಾರಿಗೆ ಬರುವುದಿಲ್ಲ, ಏಕೆ ಅಂತ ಕಾದು ನೋಡುವ ಕೆಲಸ.

ಇದಕ್ಕೊಂದು ಹಳೇ ಉದಾಹರಣೆ ಇದೆ. 1948ರಲ್ಲಿ ಅಮೆರಿಕದ ಬಾಸ್ಟನ್ ಹತ್ತಿರದ ಫ್ರೇಮಿಂಗ್‌ಹ್ಯಾಮ್ ಊರಿನ 5,209 ಜನ ಹೀಗೇ ರಕ್ತ ಕೊಟ್ಟು, ಬಿಪಿ ನೋಡಿಸಿಕೊಂಡು, ಪ್ರಶ್ನೆಗಳಿಗೆ ಉತ್ತರ ಹೇಳಿದರು. ಅವರಿಗೂ ಯಾರೂ ಮಾತ್ರೆ ಕೊಡಲಿಲ್ಲ. ವಯಸ್ಸಾದ ಮೇಲೆ ಬಿಪಿ ಏರುವುದು ಸಹಜ ಅಂತ ಎಷ್ಟೋ ಡಾಕ್ಟರುಗಳೇ ನಂಬಿದ್ದ ಕಾಲ ಅದು. ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಹೃದಯಕ್ಕೆ ಅಪಾಯ ಅಂತ ಜಗತ್ತಿಗೆ ಗಟ್ಟಿಯಾಗಿ ಗೊತ್ತಾಗಿದ್ದು ಬಹುಪಾಲು ಆ ಊರಿನವರಿಂದ. ಇವತ್ತು ನಿಮ್ಮೂರ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತುತ್ತಾರಲ್ಲ, ಅದರ ಹಿಂದೆ ಆ ಅಪರಿಚಿತರಿದ್ದಾರೆ. ಆದರೆ ಅವರು ಹೆಚ್ಚೂಕಡಿಮೆ ಎಲ್ಲರೂ ಬಿಳಿಯರು. ರಾಗಿ ಮುದ್ದೆ ಉಂಡು, ಮಾವಿನ ತೋಟದಲ್ಲಿ ದುಡಿದು, ಮನೆಯಲ್ಲಿ ತೆಲುಗು ಸಂತೆಯಲ್ಲಿ ಕನ್ನಡ ಆಡುವವರ ಮೆದುಳು ಹೇಗೆ ಮುಪ್ಪಾಗುತ್ತದೆ ಅಂತ ಆ ಲೆಕ್ಕ ಹೇಳುವುದಿಲ್ಲ.

ನೆನಪಿನ ಪರೀಕ್ಷೆಯನ್ನೇ ತಗೊಳ್ಳಿ. ಜಗತ್ತಿನಲ್ಲೆಲ್ಲ ಬಳಸುವ ಒಂದು ಪರೀಕ್ಷೆ 1975ರದ್ದು. ಅದರಲ್ಲಿ ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು, ಒಂದು ವಾಕ್ಯ ಬರೆಯಬೇಕು, ಒಂದರ ಮೇಲೊಂದು ಬಂದ ಎರಡು ಐದುಮೂಲೆ ಚಿತ್ರ ನೋಡಿ ಬರೆಯಬೇಕು. ಪೆನ್ನೇ ಹಿಡಿಯದ ಅಜ್ಜಿಗೆ ಈ ಕಾಗದ ಕೊಟ್ಟರೆ ಫೇಲ್. ಅದೇ ಅಜ್ಜಿ 15 ಕೆಜಿಯ ಟೊಮೆಟೊ ಬಾಕ್ಸುಗಳ ಲೆಕ್ಕ, ಕಮಿಷನ್ ಕಳೆದು, ಬಾಯಲ್ಲೇ ಹೇಳುತ್ತಾಳೆ. ಮರೆವು ಯಾವುದು, ಶಾಲೆಗೆ ಹೋಗದಿದ್ದದ್ದು ಯಾವುದು ಅಂತ ಬೇರೆ ಮಾಡಲು ನಮ್ಮ ಜನರ ಮೇಲೇ, ನಮ್ಮ ಭಾಷೆಯಲ್ಲೇ ಮಾಡಿದ ಪರೀಕ್ಷೆ ಬೇಕು. ದೇಶದಲ್ಲಿ 60 ದಾಟಿದವರಲ್ಲಿ 7.4% ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದೆ ಅಂತ 2023ರ ಅಂದಾಜು. ಅಷ್ಟು ಜನರನ್ನು ತಪ್ಪು ಕಾಗದದಿಂದ ಅಳೆಯಲು ಆಗುತ್ತದಾ?

ಸೇರುವ ಮೊದಲು ತಾಯಿಯವರ ಜೊತೆ ನೀವೂ ಕೂತು ಒಪ್ಪಿಗೆ ಪತ್ರ ಓದಿಸಿಕೊಳ್ಳಿ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಲೇಬೇಕು. ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಕಾರಣ ಕೊಡಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನಿಯಮದಲ್ಲೇ ಇದೆಲ್ಲ ಇದೆ. ವರದಿ ನಮಗೆ ಕೊಡ್ತೀರಾ, ಬಿಪಿ ಸಕ್ಕರೆ ಜಾಸ್ತಿ ಕಂಡರೆ ತಿಳಿಸ್ತೀರಾ ಅಂತ ಸಂಕೋಚವಿಲ್ಲದೆ ಕೇಳಿ. ಇಂಥ ಕೆಲಸದ ಫಲ ಇಂಗ್ಲಿಷ್ ಜರ್ನಲ್‌ಗಳಲ್ಲೇ ಉಳಿದರೆ ನಿಮ್ಮ ಸಿಟ್ಟು ನ್ಯಾಯವೇ. ಅದನ್ನು ಕನ್ನಡಕ್ಕೆ ತರುವುದು ನಮ್ಮಂಥ ಪತ್ರಿಕೆಗಳ ಕೆಲಸ ಕೂಡ.

ಫೋನಿನ ಆಟ ಆಡಲಿ, ಖುಷಿಯಾದರೆ. ಆಟ ಆಡಿದರೆ ಆ ಆಟದಲ್ಲಿ ಚುರುಕಾಗುತ್ತಾರೆ, ಅಷ್ಟು ಖಾತ್ರಿ. ಮರೆವು ತಡೆಯುತ್ತೇವೆ ಅಂತ ಜಾಹೀರಾತು ಕೊಟ್ಟ ಲುಮೋಸಿಟಿ ಅನ್ನುವ ಬ್ರೈನ್ ಗೇಮ್ ಕಂಪನಿ, ಪುರಾವೆ ಸಾಲದು ಅನ್ನುವ ಆರೋಪಕ್ಕೆ 2016ರಲ್ಲಿ ಅಮೆರಿಕ ಸರ್ಕಾರದ ಜೊತೆ 20 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಅದಕ್ಕಿಂತ ಮೊದಲು ತಾಯಿಯವರ ಬಿಪಿ ನೋಡಿಸಿ, ಕಿವಿ ನೋಡಿಸಿ, ಕಣ್ಣಿನ ಪೊರೆ ನೋಡಿಸಿ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾದ 14 ಅಪಾಯಗಳನ್ನು ಹೆಸರಿಸಿತು. ಅವನ್ನೆಲ್ಲ ನಿಭಾಯಿಸಿದರೆ ಸುಮಾರು 45% ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಅಂದಿತು. ಬಿಪಿ, ಸಕ್ಕರೆ, ಕಿವುಡು, ಮಂದ ದೃಷ್ಟಿ, ಒಂಟಿತನ, ತಲೆಗೆ ಪೆಟ್ಟು ಎಲ್ಲ ಅದರಲ್ಲಿವೆ. ಕಿವಿಯ ಬಗ್ಗೆ ಅಮೆರಿಕದಲ್ಲಿ 977 ಹಿರಿಯರ ಮೇಲೆ ನಡೆದ ಪ್ರಯೋಗ 2023ರಲ್ಲಿ ಬಂತು. ಒಟ್ಟಾರೆ ಎಲ್ಲರನ್ನೂ ಸೇರಿಸಿ ನೋಡಿದರೆ ಶ್ರವಣಯಂತ್ರದಿಂದ ವ್ಯತ್ಯಾಸವಾಗಲಿಲ್ಲ. ಬಿಪಿ, ಸಕ್ಕರೆಯಂಥ ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ ಬುದ್ಧಿಶಕ್ತಿ ಕುಸಿಯುವ ವೇಗ ಮೂರು ವರ್ಷದಲ್ಲಿ 48% ಕಡಿಮೆಯಾಯಿತು. ಟಿವಿ ಸೌಂಡ್ ಜಾಸ್ತಿ ಇಟ್ಟರು ಅಂತ ಅಮ್ಮನನ್ನು ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮರೆವಿನ ಅನುಮಾನವೇ ಬಂದರೆ ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯ ಯೋಜನೆ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಕಡೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು.

ತಲೆ ಪೆಟ್ಟು ಅಂದೆನಲ್ಲ, ಅದು ನಿಮ್ಮ ಅಂಗಳಕ್ಕೂ ಸೇರಿದ ಮಾತು. ಕಬಡ್ಡಿಯಲ್ಲಿ ಡ್ಯಾಶ್, ಅಂದರೆ ಮೈಯಿಂದ ಜೋರು ಗುದ್ದು, ಹೊಡೆಸಿಕೊಂಡು ತಲೆ ಬಡಿದ ಮಗು ಎರಡು ನಿಮಿಷದಲ್ಲಿ ಎದ್ದು 'ಏನಿಲ್ಲ ಸಾರ್' ಅಂದರೂ ಆ ದಿನ ಮತ್ತೆ ಆಡಿಸಬೇಡಿ. ವಾಂತಿ, ಜಾಸ್ತಿಯಾಗುವ ತಲೆನೋವು, ತೊದಲುವುದು ಕಂಡರೆ ನೇರ ಆಸ್ಪತ್ರೆಗೆ.

ಕೊನೆಗೆ ನಿಮ್ಮಿಂದ ಒಂದು ಕೆಲಸ ಆಗಬೇಕು. ನಮ್ಮ ಜಿಲ್ಲೆಯ ಶಾಲಾ ಕಬಡ್ಡಿಯಲ್ಲಿ ಯಾವ ಗಾಯ ಎಷ್ಟಾಗುತ್ತದೆ ಅಂತ ಬರೆದಿಟ್ಟವರು ನನಗಂತೂ ಸಿಕ್ಕಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ, ಆರು ಕಾಲಂ ಎಳೆಯಿರಿ: ತಾರೀಕು, ಹೆಸರು, ಯಾವ ಆಟ, ಎಲ್ಲಿ ಪೆಟ್ಟು, ಹೇಗಾಯಿತು, ಎಷ್ಟು ದಿನ ಆಡಲಿಲ್ಲ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಬರುವ ಬೇರೆ ಶಾಲೆಯ ಮೇಷ್ಟ್ರುಗಳಿಗೂ ಹೇಳಿ. ವರ್ಷ ತುಂಬಿದ ಮೇಲೆ ಹೆಸರಿನ ಕಾಲಂ ಮುಚ್ಚಿ ಫೋಟೊ ತೆಗೆದು ನಮಗೆ ಕಳಿಸಿ, ಕೂಡಿಸಿ ಅಚ್ಚು ಹಾಕುತ್ತೇವೆ.

ಸಂಪಾದಕ