ಕೆರೆಗೆ ಕ್ರೇಫಿಶ್ ಸೇರಿಕೊಂಡರೆ ಹಿಡಿದು ತಿಂದುಬಿಟ್ಟರೆ ಆಗಲ್ವಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಇವೆ. ಒಂದು, ಕ್ರೇಫಿಶ್ (ಸೀಗಡಿ, ಏಡಿಗಳ ಬಳಗದ ಸಿಹಿನೀರಿನ ಪ್ರಾಣಿ) ಕಾಟ ಅಂತ ಅಮೆರಿಕದ ವಿಜ್ಞಾನಿಗಳು ವರ್ಷಗಟ್ಟಲೆ ಸಂಶೋಧನೆ ಮಾಡೋದು ಯಾಕೆ, ಹಿಡಿದು ತಿಂದರೆ ಸಾಲದೇ? ಇನ್ನೊಂದು, ಅಕ್ವೇರಿಯಂ ಅಂಗಡಿಯಿಂದ ತಂದದ್ದನ್ನು ಸಾಕೋಕೆ ಆಗದೆ ಇದ್ದರೆ ಕೆರೆಗೆ ಬಿಡಬಹುದಾ? ಎರಡನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ: ದಯವಿಟ್ಟು ಬಿಡಬೇಡಿ.

ನಾನು ಮೀನುಗಾರಿಕೆ ಓದಿದವನು. ಈ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಕೆಲಸ ವಿಸ್ಕಾನ್ಸಿನ್ ರಾಜ್ಯದ ಉತ್ತರದ ಸ್ಪಾರ್ಕ್ಲಿಂಗ್ ಲೇಕ್‌ನಲ್ಲಿ ನಡೆದದ್ದು. ಸುಮಾರು 64 ಹೆಕ್ಟೇರಿನ ಸರೋವರ ಅದು. ಅಲ್ಲಿಗೆ ರಸ್ಟಿ ಕ್ರೇಫಿಶ್ ಅನ್ನೋ ಜಾತಿ ಬಂದು ಸೇರಿಕೊಂಡಿತ್ತು. ಅದರ ತವರು ಓಹಾಯೋ ನದಿಯ ಕಡೆ. ಗಾಳ ಹಾಕುವವರು ಎರೆಗೆಂದು ತಂದು, ಉಳಿದದ್ದನ್ನು ನೀರಿಗೆ ಸುರಿದು ಹೋಗಿದ್ದರಿಂದಲೇ ಆ ಕಡೆಯ ಸರೋವರಗಳಿಗೆ ಹಬ್ಬಿತು ಅನ್ನುತ್ತಾರೆ. ಹೆಣ್ಣು ಕ್ರೇಫಿಶ್ ಗಂಡಿನ ವೀರ್ಯವನ್ನು ಮೈಯಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡಿರಬಲ್ಲದು. ಹಾಗಾಗಿ ಒಂದೇ ಒಂದು ಹೆಣ್ಣು ಬಿದ್ದರೂ ಸಾಕು, ಸಂಸಾರ ಶುರು.

ಈ ಪ್ರಾಣಿ ನೀರೊಳಗಿನ ಗಿಡಗಳನ್ನು ಕತ್ತರಿಸಿ ಹಾಕುತ್ತದೆ. ಬಸವನಹುಳು, ಮೀನಿನ ಮೊಟ್ಟೆ ಯಾವುದನ್ನೂ ಬಿಡಲ್ಲ. ಗಿಡ ಹೋದರೆ ಬ್ಲೂಗಿಲ್, ಪಂಪ್ಕಿನ್‌ಸೀಡ್‌ನಂಥ ಮೀನುಗಳಿಗೆ ಅಡಗೋಕೆ ಜಾಗವಿಲ್ಲ. ಆದರೆ ಕ್ರೇಫಿಶ್ ಮರಿಗಳನ್ನು ತಿನ್ನುವುದೂ ಇದೇ ಮೀನುಗಳು! ಮೀನು ಜಾಸ್ತಿ ಇದ್ದರೆ ಕ್ರೇಫಿಶ್ ತಲೆ ಎತ್ತಲ್ಲ. ಕ್ರೇಫಿಶ್ ಒಮ್ಮೆ ಜಾಸ್ತಿಯಾಯಿತೋ, ಮೀನು ತಲೆ ಎತ್ತಲ್ಲ. ಸುಮ್ನೆ ಬಿಟ್ಟರೆ ಗೆದ್ದವರು ಗೆದ್ದೇ ಇರುತ್ತಾರೆ.

ಹಾಗಾದರೆ ಬೋನಿಟ್ಟು ಹಿಡಿದರಾಯಿತು ಅಂತೀರಾ? ಬೋನಿಗೆ ಬೀಳುವುದು ಹೆಚ್ಚಾಗಿ ದೊಡ್ಡ ಗಂಡುಗಳು. ಮೊಟ್ಟೆ ಹೊತ್ತ ಹೆಣ್ಣು ಕಲ್ಲಿನಡಿ ಅಡಗಿರುತ್ತದೆ, ಮರಿಗಳು ಬೋನಿನ ಕಡೆ ಸುಳಿಯುವುದೇ ಕಡಿಮೆ. ದೊಡ್ಡವನ್ನು ಮಾತ್ರ ತೆಗೆದರೆ ಉಳಿದ ಚಿಕ್ಕವಕ್ಕೆ ಊಟ, ಜಾಗ ಎರಡೂ ಧಾರಾಳ. ಅದಕ್ಕೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕ್ಯಾಥರೀನ್ ಹೈನ್, ಜೇಕ್ ವಾಂಡರ್ ಝ್ಯಾಂಡನ್ ಮತ್ತು ಜೊತೆಗಾರರು ಎರಡು ಕಡೆಯಿಂದ ಹೊಡೆದರು. 2001ರಿಂದ 2008ರವರೆಗೆ ಬೇಸಿಗೆಯಲ್ಲಿ ಬೋನಿಟ್ಟು ದೊಡ್ಡವನ್ನು ತೆಗೆದರು. ಜೊತೆಗೆ ಸ್ಮಾಲ್‌ಮೌತ್ ಬಾಸ್ ಮೀನನ್ನು ಜನ ಬೇಕಾಬಿಟ್ಟಿ ಹಿಡಿಯದಂತೆ ಆ ಸರೋವರದ ನಿಯಮ ಬಿಗಿ ಮಾಡಿಸಿದರು. ಚಿಕ್ಕ ಕ್ರೇಫಿಶ್‌ಗಳನ್ನು ತಿಂದು ಅವುಗಳ ಲೆಕ್ಕವನ್ನು ಬಾಸ್ ನೋಡಿಕೊಂಡಿತು. 2002ರಿಂದ 2005ರೊಳಗೆ ಬೋನಿಗೆ ಬೀಳುವ ಕ್ರೇಫಿಶ್ ಸಂಖ್ಯೆ ಶೇ. 90ಕ್ಕಿಂತ ಹೆಚ್ಚು ಇಳಿಯಿತು. ಆಮೇಲೆ ಗಿಡಗಳು ಮತ್ತೆ ಚಿಗುರಿದವು, ಬ್ಲೂಗಿಲ್ ಬಳಗವೂ ಹೆಚ್ಚಾಯಿತು. ಮೀನು ಹಿಡಿಯುವ ನಿಯಮವನ್ನೇ ಆಯುಧ ಮಾಡಿಕೊಂಡರಲ್ಲ, ನನಗೆ ಅದು ಭಲೇ ಅನಿಸಿತು.

ಆದರೆ ಇಷ್ಟು ಕಷ್ಟಪಟ್ಟದ್ದು ಒಂದು ಸರೋವರಕ್ಕೆ. ಅದಿರುವ ವಿಲಾಸ್ ಕೌಂಟಿಯಲ್ಲೇ 1,300ಕ್ಕೂ ಹೆಚ್ಚು ಸರೋವರಗಳಿವೆ. ಎಲ್ಲಕ್ಕೂ ಹೀಗೆ ಮಾಡೋಕಾಗುತ್ತಾ?

ತಿನ್ನೋ ವಿಚಾರ. ಸ್ವೀಡನ್ನಿನವರಿಗೆ ಕ್ರೇಫಿಶ್ ಅಂದರೆ ಪ್ರಾಣ, ಆಗಸ್ಟ್‌ನಲ್ಲಿ ಅದರದ್ದೇ ಔತಣ. 1907ರಲ್ಲಿ ಅಲ್ಲಿಗೆ ಬಂದ ಕ್ರೇಫಿಶ್ ಪ್ಲೇಗ್ ಅನ್ನೋ ಕ್ರೇಫಿಶ್‌ಗಳ ರೋಗ ಅವರ ಸ್ವಂತ ಜಾತಿಯನ್ನು ಕೊಲ್ಲುತ್ತಾ ಬಂತು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದಿಂದ ಸಿಗ್ನಲ್ ಕ್ರೇಫಿಶ್ ತರಿಸಿದರು. ಅದು ಪ್ಲೇಗನ್ನು ತಡೆದುಕೊಳ್ಳುತ್ತದೆ, ಆದರೆ ಆ ರೋಗವನ್ನು ಹೊತ್ತು ತಿರುಗುತ್ತದೆ ಕೂಡ. ರುಚಿ ಹತ್ತಿದ ಜನ ಕದ್ದುಮುಚ್ಚಿ ಹೊಸ ಹೊಸ ನೀರಿಗೆ ಬಿಟ್ಟರು, ಉಳಿದಿದ್ದ ಸ್ವಂತ ಜಾತಿಗೂ ಕುತ್ತು ಬಂತು. ಮಾರುಕಟ್ಟೆ ಹುಟ್ಟಿದರೆ ಪ್ರಾಣಿ ಕಡಿಮೆಯಾಗುತ್ತದೆ ಅನ್ನೋ ಲೆಕ್ಕ ಯಾವಾಗಲೂ ಕೂಡಿಬರಲ್ಲ.

ಈಗ ನಿಮ್ಮ ತೊಟ್ಟಿಯ ವಿಷಯ. ಭಾರತದ ಕೆರೆ, ನದಿಗಳಲ್ಲಿ ಸ್ವಂತ ಕ್ರೇಫಿಶ್ ಜಾತಿ ಯಾವುದೂ ಇಲ್ಲ. ನಿಮ್ಮದು ಯಾವ ಜಾತಿ ಅಂತ ಅಂಗಡಿಯವರನ್ನು ಕೇಳಿ. ಮಾರ್ಬಲ್ಡ್ ಕ್ರೇಫಿಶ್ ಆಗಿದ್ದರೆ ಹುಷಾರು. ಅದಕ್ಕೆ ಗಂಡೇ ಬೇಡ, ಒಂಟಿ ಹೆಣ್ಣೇ ಮರಿ ಮಾಡುತ್ತದೆ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಕಾಣಿಸಿಕೊಂಡದ್ದು ಈಗ ಮಡಗಾಸ್ಕರ್‌ನಲ್ಲೆಲ್ಲ ಹಬ್ಬಿದೆ. ಅಂಗಡಿಯವರು ವಾಪಸ್ ತಗೊಂಡರೆ ಕೊಟ್ಟುಬಿಡಿ. ಅಲ್ಲಿಯವರೆಗೆ ತೊಟ್ಟಿಗೆ ಭದ್ರವಾದ ಮುಚ್ಚಳ ಹಾಕಿ, ರಾತ್ರಿ ಹತ್ತಿ ಆಚೆ ಬರುತ್ತವೆ. ನೀರು ಬದಲಿಸುವಾಗ ಬಟ್ಟೆಯಲ್ಲಿ ಸೋಸಿ ಚೆಲ್ಲಿ, ಮರಿಗಳು ತುಂಬ ಸಣ್ಣಗಿರುತ್ತವೆ.