ಎಣಿಸಿದ್ದೀಯಾ?

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ಜೇನುಗೂಡಿನ ಬಗ್ಗೆ ಉತ್ತರಿಸುತ್ತಾ, 'ಇದನ್ನು ನನಗೆ ತೋರಿಸಿದ ಲೆಕ್ಕದ ಮೇಷ್ಟ್ರು ಈಗಿಲ್ಲ' ಎಂದು ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿರಿ. ಯಾರವರು?
(ನಿವೃತ್ತ ಶಿಕ್ಷಕಿ)

ಉತ್ತರ: ಆ ಸಾಲನ್ನು ಬರೆದು, ಹೊಡೆದು, ಮತ್ತೆ ಬರೆದಿದ್ದೆ. ಅದೊಂದಕ್ಕೇ ಹನ್ನೊಂದು ಪತ್ರ ಬಂದಿವೆ. ಹಾಗಾಗಿ ಗೆದ್ದಲು, ಬಾವಲಿಗಳ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ.

ಹೆಸರು ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ಕಂಡರೆ ಮುಖ ಸಿಂಡರಿಸುವ ಸ್ವಭಾವ ಅವರದು. ಮೂವತ್ತಾರು ವರ್ಷ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರು. ಅಂಗಿಯ ಬಲಜೇಬಿನಲ್ಲಿ ಚಾಕ್‌ಪೀಸು, ಎಡಜೇಬಿನಲ್ಲಿ ದಾರಿಯಲ್ಲಿ ಹೆಕ್ಕಿದ ಬೀಜ. ಎಷ್ಟೋ ಸಲ ಇದು ಅದಾಗಿ, ಬೋರ್ಡಿನ ಮೇಲೆ ಬೀಜ ಉಜ್ಜಿ 'ಇದ್ಯಾಕೆ ಬರೀತಿಲ್ಲ' ಎಂದು ಕೈ ನೋಡಿಕೊಳ್ಳುತ್ತಿದ್ದರು. ಕೊಡೆಯ ಮರದ ಕೋಲಿಗೆ ಚಾಕುವಿನಿಂದ ಸೆಂಟಿಮೀಟರ್ ಗೆರೆ ಕೊರೆದಿದ್ದರು. ಮಳೆ ಬಂದರೆ ಅದು ಕೊಡೆ, ಉಳಿದ ದಿನ ಅಳತೆಗೋಲು.

ಅವರ ಬಾಯಲ್ಲಿ ಯಾವಾಗಲೂ ಇದ್ದದ್ದು ಒಂದೇ ಮಾತು. 'ಸಾರ್, ಆ ಮರದ ತುಂಬ ಹಕ್ಕಿ!' ಎಂದು ಯಾರಾದರೂ ಓಡಿಬಂದರೆ, 'ಎಣಿಸಿದ್ದೀಯಾ?' ಗದರುವ ದನಿಯಲ್ಲ. ನಿಜವಾಗಿ ಎಷ್ಟಿವೆ ಎಂದು ತಿಳಿಯುವ ಆಸೆ.

ಪ್ರಶ್ನೆ: ಪ್ರಕೃತಿಯಲ್ಲಿ ಎಲ್ಲೆಲ್ಲೂ ಫಿಬೊನಾಚಿ ಸಂಖ್ಯೆಗಳೇ ಇವೆಯಂತೆ, ನಿಜವೇ? ನಿಮ್ಮ ಮೇಷ್ಟ್ರು ಏನು ಹೇಳುತ್ತಿದ್ದರು?
(ಹತ್ತನೆಯ ತರಗತಿ ವಿದ್ಯಾರ್ಥಿನಿ)

ಉತ್ತರ: ಅವರು ಏನು ಹೇಳಿದರು ಅನ್ನುವುದಕ್ಕೆ ನನ್ನ ಮಾನ ಹೋದ ಕಥೆಯನ್ನೇ ಹೇಳಬೇಕು.

1, 1, 2, 3, 5, 8, 13, 21, 34, 55. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಇಟಲಿಯ ಫಿಬೊನಾಚಿ 1202ರಲ್ಲಿ ಮೊಲದ ಲೆಕ್ಕದಲ್ಲಿ ಇದನ್ನು ಬರೆದ. ಅದಕ್ಕೂ ಮೊದಲೇ ನಮ್ಮ ಛಂದಸ್ಸಿನವರು ಲಘು ಗುರು ಜೋಡಿಸುತ್ತಾ ಇದೇ ಸಂಖ್ಯೆಗಳನ್ನು ಕಂಡಿದ್ದರು. ನಾಲ್ಕು ಮಾತ್ರೆಯನ್ನು ಐದು ಬಗೆಯಲ್ಲಿ ತುಂಬಬಹುದು, ಐದು ಮಾತ್ರೆಯನ್ನು ಎಂಟು ಬಗೆಯಲ್ಲಿ. ಬೇಕಾದರೆ ಬರೆದು ನೋಡು.

ಒಂದು ದಿನ ಮೇಷ್ಟ್ರು ತಲೆಗೊಂದು ಸೂರ್ಯಕಾಂತಿ ಕೊಟ್ಟು, ಬೀಜಗಳು ಎಡಕ್ಕೆ ತಿರುಗುವ ಸುರುಳಿ ಎಷ್ಟು, ಬಲಕ್ಕೆ ತಿರುಗುವುದೆಷ್ಟು ಎಣಿಸಿಕೊಂಡು ಬನ್ನಿ ಎಂದರು. ನಾನು ಎಲ್ಲೋ ಓದಿಕೊಂಡಿದ್ದ ಜಾಣ. ಹೂವನ್ನು ಮುಟ್ಟದೆ 34, 55 ಎಂದು ಬರೆದುಕೊಟ್ಟೆ. ಮೇಷ್ಟ್ರು ಮಾತಾಡಲಿಲ್ಲ. ನನ್ನ ಹೂವನ್ನು ಮೇಜಿನ ಮೇಲಿಟ್ಟು, ಶುರುವಿನ ಸುರುಳಿಗೆ ಗುಂಡುಸೂಜಿ ಚುಚ್ಚಿ, ಒಂದೊಂದಕ್ಕೂ ಶಾಯಿಯ ಚುಕ್ಕೆ ಇಡುತ್ತಾ ಹೋದರು. ಇಡೀ ತರಗತಿ ಸುತ್ತ ನಿಂತಿತ್ತು. ಒಂದು ಕಡೆ 29. ಇನ್ನೊಂದು ಕಡೆ 47.

'ನೀನು ಬರೆದದ್ದು ಪುಸ್ತಕದ ಹೂವು' ಎಂದರು. ಸೊನ್ನೆ ಹಾಕಿದರು.

ಆಮೇಲೆ ಆ ಹೂವನ್ನು ಬಿಡಲೊಲ್ಲರು! 29, 47 ಎಲ್ಲಿಂದ ಬಂತು ಎಂದು ಬೋರ್ಡಿನ ಮೇಲೆ ಹಿಂದಕ್ಕೆ ಕಳೆಯುತ್ತಾ ಬಂದರು: 47, 29, 18, 11, 7, 4, 3, 1. ಕೂಡುವ ನಿಯಮ ಅದೇ, ಶುರು ಮಾತ್ರ ಬೇರೆ. ಇವಕ್ಕೆ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಗಣಿತಜ್ಞ ಲ್ಯೂಕಾನ ಹೆಸರಿದೆ. ಸಾಮಾನ್ಯ ಸೂರ್ಯಕಾಂತಿಯಲ್ಲಿ ಬೀಜವಾಗುವ ಒಂದು ಪುಟ್ಟ ಮೊಗ್ಗಿಗೂ ಅದರ ನಂತರ ಹುಟ್ಟುವ ಮೊಗ್ಗಿಗೂ ನಡುವೆ ಸುಮಾರು 137.5 ಡಿಗ್ರಿ ಕೋನ. ಲ್ಯೂಕಾ ಹೂವಿನಲ್ಲಿ ಅದು 99.5ರ ಸುಮಾರು. ಹೆಚ್ಚಿನ ಹೂಗಳು ಫಿಬೊನಾಚಿಯವೇ, ಆದರೆ ಎಲ್ಲವೂ ಅಲ್ಲ. ಕಂಪ್ಯೂಟರಿಗೆ ತಳಪಾಯ ಹಾಕಿದ ಅಲನ್ ಟ್ಯೂರಿಂಗ್ ಕೂಡ 1954ರಲ್ಲಿ ಸಾಯುವ ಮುನ್ನ ಇದೇ ಒಗಟಿನ ಹಿಂದೆ ಬಿದ್ದಿದ್ದ.

ಇನ್ನು ಶಂಖದಲ್ಲೂ ಮುಖದಲ್ಲೂ ಸುವರ್ಣ ಅನುಪಾತ (ಫಿಬೊನಾಚಿ ಸಂಖ್ಯೆಯನ್ನು ಅದರ ಹಿಂದಿನದರಿಂದ ಭಾಗಿಸುತ್ತಾ ಹೋದರೆ ಹತ್ತಿರವಾಗುವ 1.618) ಕಂಡೆವೆನ್ನುವವರಿಗೆ ಮೇಷ್ಟ್ರದು ಅದೇ ಪ್ರಶ್ನೆ. ನಾಟಿಲಸ್ ಎಂಬ ಕಡಲಜೀವಿಯ ಚಿಪ್ಪಿನದು ಚೆಂದದ ಸುರುಳಿ ಹೌದು, ಆ ಅನುಪಾತದ್ದಲ್ಲ.

ಪ್ರಶ್ನೆ: ನನ್ನ ಮಗನಿಗೆ ಲೆಕ್ಕವೆಂದರೆ ಹೊಟ್ಟೆನೋವು. ಅಂಥ ಮಕ್ಕಳಿಗೆ ನಿಮ್ಮ ಮೇಷ್ಟ್ರು ಏನು ಮಾಡುತ್ತಿದ್ದರು?
(ಒಬ್ಬ ತಾಯಿ)

ಉತ್ತರ: ಹೊರಗೆ ಕರೆದುಕೊಂಡು ಹೋಗುತ್ತಿದ್ದರು. ಮೀಟರ್ ಉದ್ದದ ಕೋಲು ನೆಟ್ಟಗೆ ನಿಲ್ಲಿಸಿದರೆ ಅದರ ನೆರಳು 80 ಸೆಂಟಿಮೀಟರ್, ಅದೇ ಹೊತ್ತಿಗೆ ಮರದ ನೆರಳು 9.6 ಮೀಟರ್. ಮರ ಎಷ್ಟೆತ್ತರ? ಏಣಿ ಹಾಕದೆ 12 ಮೀಟರ್ ಎಂದು ಹೇಳಿದ ಹುಡುಗನ ಮುಖ ನೀವು ನೋಡಬೇಕಿತ್ತು. ಆ ಹುಡುಗ ಅಲ್ಲಿಯವರೆಗೆ ಭಾಗಾಕಾರವನ್ನೇ ಸರಿಯಾಗಿ ಮಾಡಿದವನಲ್ಲ.

ಜೇನುಗೂಡಿನ ಪಾಠಕ್ಕೆ 12 ಸೆಂಟಿಮೀಟರ್ ತಂತಿ ಸಾಕಿತ್ತು. ತ್ರಿಕೋನವಾಗಿ ಬಗ್ಗಿಸಿದರೆ ಒಳಗೆ 6.9 ಚದರ ಸೆಂಟಿಮೀಟರ್ ಜಾಗ, ಚೌಕಕ್ಕೆ 9, ಷಟ್ಕೋನಕ್ಕೆ 10.4. ವೃತ್ತಕ್ಕೆ ಇನ್ನೂ ಹೆಚ್ಚು, 11.5ರ ಹತ್ತಿರ, ಆದರೆ ವೃತ್ತಗಳನ್ನು ಪಕ್ಕಪಕ್ಕ ಇಟ್ಟರೆ ಸಂದು ಉಳಿಯುತ್ತದೆ. ಷಟ್ಕೋನದ ಗೂಡಿಗೇ ಎಲ್ಲಕ್ಕಿಂತ ಕಡಿಮೆ ಮೇಣ ಸಾಕು ಎಂಬ ಊಹೆ ಎರಡು ಸಾವಿರ ವರ್ಷ ಹಳೆಯದು. ಪೂರ್ತಿ ಸಾಧಿಸಿ ತೋರಿಸಿದ್ದು 1999ರಲ್ಲಿ, ಅಮೆರಿಕದ ಗಣಿತಜ್ಞ ಥಾಮಸ್ ಹೇಲ್ಸ್.

ತಾವರೆಕೊಳದ ದಂಡೆಯಲ್ಲಿ ನಿಲ್ಲಿಸಿ ಭಾಸ್ಕರಾಚಾರ್ಯರ ಲೀಲಾವತಿಯ ಲೆಕ್ಕ ಹೇಳುತ್ತಿದ್ದರು. ನೀರಿನಿಂದ ಅರ್ಧ ಮೊಳ ಮೇಲೆ ನಿಂತ ತಾವರೆ ಗಾಳಿಗೆ ಬಾಗಿ, ಎರಡು ಮೊಳ ಆಚೆ ನೀರಲ್ಲಿ ಮುಳುಗಿತು. ನೀರಿನ ಆಳವೆಷ್ಟು? ಮಗನಿಗೆ ಕೊಟ್ಟು ನೋಡಿ. ಉತ್ತರ ಮೂರೂಮುಕ್ಕಾಲು ಮೊಳ. ಅವನಿಗೆ ಬರದಿದ್ದರೆ ದಯವಿಟ್ಟು ಪಕ್ಕದ ಮನೆಯ ಹುಡುಗಿಗೆ ಬಂತು ಎಂದು ಹೇಳಬೇಡಿ.

ಪ್ರಶ್ನೆ: ಸತ್ತವರನ್ನೆಲ್ಲ ದೇವರು ಮಾಡುವುದು ನಮ್ಮ ಚಾಳಿ. ನಿಮ್ಮ ಮೇಷ್ಟ್ರಲ್ಲಿ ಕೊರತೆಯೇ ಇರಲಿಲ್ಲವೇ?
(ಹೆಸರು ಬೇಡವೆಂದವರು)

ಉತ್ತರ: ಇತ್ತು. ಒಂದು ವರ್ಷವೂ ಪಾಠಗಳನ್ನು ಸಮಯಕ್ಕೆ ಮುಗಿಸಲಿಲ್ಲ. ಸಂಭವನೀಯತೆ ಅನ್ನುವ ಅಧ್ಯಾಯ ನಮಗೆ ಒಂದು ಮಧ್ಯಾಹ್ನದಲ್ಲಿ ಬಂದು ಹೋಯಿತು, ಇವತ್ತಿಗೂ ನನಗೆ ಅದು ಅಷ್ಟಕ್ಕಷ್ಟೆ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಶಾಲೆಯ ಹಿಂದಿನ ಮರದ ತೊಗಟೆಯಲ್ಲಿ ಹೆಸರು ಕೆತ್ತಿದ ಹುಡುಗನೊಬ್ಬನನ್ನು ಎಲ್ಲರೆದುರು ಬೈದು, ವರ್ಷವಿಡೀ ಅವನ ಕಡೆ ತಿರುಗಿ ನೋಡಲಿಲ್ಲ. ಮರ ಎತ್ತರಕ್ಕೆ ಬೆಳೆಯುವುದು ತುದಿಯಿಂದ. ಎದೆಮಟ್ಟದಲ್ಲಿ ಕೆತ್ತಿದ ಹೆಸರು ಎಷ್ಟು ವರ್ಷವಾದರೂ ಅದೇ ಮಟ್ಟದಲ್ಲಿರುತ್ತದೆ, ಅಕ್ಷರ ಅಗಲವಾಗುತ್ತದೆ ಅಷ್ಟೇ. ಈ ಪಾಠವನ್ನು ನಮಗೆಲ್ಲ ಹೇಳಿದರು, ಅವನನ್ನು ಹೊರಗೆ ನಿಲ್ಲಿಸಿ. ಅವನಿಗೇ ಹೇಳಬೇಕಿತ್ತು. ಸಾವಿನ ಸುದ್ದಿ ತಿಳಿಸಲು ನಾನು ಫೋನ್ ಮಾಡಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೌದಾ' ಎಂದು ಇಟ್ಟುಬಿಟ್ಟ.

ಪ್ರಶ್ನೆ: ತೀರಿಕೊಂಡ ನಮ್ಮ ಗುರುಗಳ ನೆನಪಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನೂರು ಗಿಡ ನೆಡಬೇಕೆಂದಿದ್ದೇವೆ. ಸಲಹೆ ಕೊಡಿ.

ಉತ್ತರ: ನೂರು ಬೇಡ. ಎಷ್ಟು ಗಿಡಕ್ಕೆ ಮೂರು ಬೇಸಿಗೆ ನೀರು ಹೊರಬಲ್ಲಿರೋ ಅಷ್ಟು ನೆಡಿ. ನಾಲ್ಕಾದರೆ ನಾಲ್ಕು. ಫಲಕ ಹಾಕುವ ದುಡ್ಡಲ್ಲಿ ಒಂದು ಅಳತೆ ಟೇಪು ಕೊಳ್ಳಿ.

ಟೇಪು ಯಾಕೆಂದರೆ, ಮೇಷ್ಟ್ರ ಮನೆಯವರು ನನಗೊಂದು ನೋಟುಬುಕ್ಕು ಕೊಟ್ಟಿದ್ದಾರೆ. ಶಾಲೆಯ ಹಿಂದಿನ ಆ ಮರದ ಸುತ್ತಳತೆ, ಪ್ರತಿ ವರ್ಷ ಒಂದೇ ತಾರೀಕು, ನೆಲದಿಂದ 1.3 ಮೀಟರ್ ಎತ್ತರದಲ್ಲಿ. ಕೆತ್ತಿದ ಹೆಸರಿಗಿಂತ ಒಂದು ಗೇಣು ಮೇಲೆ. ಮೊದಲ ಸಾಲು 157 ಸೆಂಟಿಮೀಟರ್, ಪಕ್ಕದಲ್ಲಿ ಪೈನಿಂದ ಭಾಗಿಸಿದ ವ್ಯಾಸ, 50. ಕೊನೆಯ ಸಾಲು ನಡುಗುವ ಕೈಯದು: 221.4. ಅದರ ಕೆಳಗೆ ಈ ವರ್ಷದ ತಾರೀಕು ಮೊದಲೇ ಬರೆದಿಟ್ಟಿದ್ದರು, ಮುಂದೆ ಖಾಲಿ.

ಆ ದಿನ ಹೋಗಿ ಅಳೆದೆ. 221.1 ಬಂತು. ಮತ್ತೆ ಅಳೆದೆ. ಅಷ್ಟೇ. ಮಳೆಯಿಲ್ಲದ ದಿನಗಳಲ್ಲಿ ಕಾಂಡ ನೀರು ಕಳೆದುಕೊಂಡು ಕೂದಲೆಳೆಯಷ್ಟು ಕುಗ್ಗುವುದುಂಟು, ನನ್ನ ಟೇಪು ಬೇರೆ ಹೊಸದು. ಅವರು ಹೋದ ವರ್ಷವೇ ಮರ ಸಣ್ಣದಾಯಿತು ಎಂದು ಅವರದೇ ಪುಸ್ತಕದಲ್ಲಿ ಬರೆಯಲು ಕೈ ಬರಲಿಲ್ಲ. 222 ಎಂದು ಬರೆದರೆ ಕೇಳುವವರು ಯಾರಿದ್ದರು? ಪೆನ್ನು ಹಿಡಿದು ಬಹಳ ಹೊತ್ತು ಮರದ ಬುಡದಲ್ಲಿ ಕೂತಿದ್ದೆ.

221.1 ಎಂದು ಬರೆದೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ: 'ಒಣಹವೆ. ಟೇಪು ಬೇರೆ. ಎರಡು ಸಲ ಅಳೆದಿದ್ದೇನೆ.'